ನೀವು ಹೋಗಿ ಬನ್ನಿ, ನಂಗೆ ಕೆಲಸ ಇದೆ

ನಮ್ಮನೆಯಲ್ಲಿ ಏಳು ಜನ. ಮಾವ, ಅತ್ತೆ, ಚಿಕ್ಕತ್ತೆ, ನಮ್ಮವರು, ನಾನು, ಇಬ್ಬರು ಮಕ್ಕಳು. ಚಿಕ್ಕತ್ತೆ ಅಂದರೆ ಅತ್ತೆಯ ತಂಗಿ. ಗಂಡ ತೀರಿಕೊಂಡ ಮೇಲೆ ಅಕ್ಕನ ಮನೆಗೆ ನಾಲ್ಕು ದಿನ ಇರೋಣ ಅಂತ ಬಂದವರು ಇಲ್ಲೇ ಉಳಿದುಬಿಟ್ಟರು. ನಾನು ಮದುವೆಯಾಗಿ ತೀರ್ಥಹಳ್ಳಿಗೆ ಬರುವಷ್ಟರಲ್ಲಿ ಅವರಿಲ್ಲದ ಮನೆ ಯಾರಿಗೂ ನೆನಪಿರಲಿಲ್ಲ.

ಆಗ ನಮ್ಮಲ್ಲಿದ್ದದ್ದು ಐದು ಸೀಟಿನ ಹಳೇ ಕಾರು. ಮಕ್ಕಳು ಚಿಕ್ಕವರಿದ್ದಾಗ ತೊಡೆ ಮೇಲೆ ಕೂರಿಸಿಕೊಂಡು ಹೇಗೋ ಸುಧಾರಿಸುತ್ತಿದ್ದೆವು. ಹಾಗೆ ಮಾಡಬಾರದಿತ್ತು, ಆದರೂ ಮಾಡಿದೆವು. ಮಕ್ಕಳು ಬೆಳೆದ ಹಾಗೆ ಮನೆಯಲ್ಲಿ ಒಬ್ಬರಿಗೆ ಕೆಲಸ ಜಾಸ್ತಿಯಾಗತೊಡಗಿತು. ಶೃಂಗೇರಿಗೆ ಹೊರಟ ದಿನ ಬೆಳಿಗ್ಗೆ ಚಿಕ್ಕತ್ತೆ ಒಳ್ಳೆ ಸೀರೆಯನ್ನೇ ಉಟ್ಟಿರುತ್ತಿದ್ದರು. ಕಾರಿನವರೆಗೂ ಬರುತ್ತಿದ್ದರು. ಒಳಗೆ ಒಮ್ಮೆ ಇಣುಕಿ, "ಅಯ್ಯೋ, ಹಾಲಿನವನಿಗೆ ಹೇಳೋದೇ ಮರೆತೆ. ನೀವು ಹೋಗಿ ಬನ್ನಿ, ನಂಗೆ ಕೆಲಸ ಇದೆ" ಅನ್ನುತ್ತಿದ್ದರು. ಇನ್ನೊಂದು ಸಲ ಹಪ್ಪಳ ಒಣಗಿಸುವ ಕೆಲಸ. ಮತ್ತೊಂದು ಸಲ ದನದ ಡಾಕ್ಟರು ಬರುತ್ತಾರೆ ಅಂತ. ಆ ಡಾಕ್ಟರು ಬರಲೇ ಇಲ್ಲ ಅನ್ನುವುದು ಸಂಜೆ ಗೊತ್ತಾಗುತ್ತಿತ್ತು.

ನಾವೂ ಜಾಸ್ತಿ ಒತ್ತಾಯ ಮಾಡುತ್ತಿರಲಿಲ್ಲ. ಬನ್ನಿ ಅಂದರೆ ಕೂರಿಸುವುದೆಲ್ಲಿ? ಸೀಟು ಕಡಿಮೆ ಇರುವ ಮನೆಯಲ್ಲಿ ಯಾರಿಗಾದರೂ ಒಬ್ಬರಿಗೆ ಕೆಲಸ ಹುಟ್ಟಿಕೊಳ್ಳುತ್ತದೆ. ಯಾರಿಗೆ ಅನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

2021ರಲ್ಲಿ ಹಳೇ ಕಾರನ್ನು ಕೊಟ್ಟು ಏಳು ಸೀಟಿನದೇ ನೋಡೋಣ ಅಂದೆ. ನಮ್ಮವರು ಲೆಕ್ಕದ ಮನುಷ್ಯ. "ಏಳೂ ಜನ ಒಟ್ಟಿಗೆ ಹೋಗೋದು ವರ್ಷಕ್ಕೆ ಎಷ್ಟು ದಿನ? ಆ ದಿನ ಬಾಡಿಗೆಗೆ ಟ್ರ್ಯಾಕ್ಸ್ ಮಾಡಿದ್ರಾಯ್ತು" ಅಂದರು. ಮಾತಿನಲ್ಲಿ ತಪ್ಪಿರಲಿಲ್ಲ. ನನ್ನ ಹತ್ತಿರ ಉತ್ತರವೂ ಇರಲಿಲ್ಲ. ಸುಮ್ನೆ ಹಟ ಹಿಡಿದೆ.

ಕೈಯಲ್ಲಿದ್ದ ದುಡ್ಡಿಗೆ ಏಳು ಸೀಟು ಅಂದರೆ ಆಯ್ಕೆ ಹೆಚ್ಚೇನೂ ಇರಲಿಲ್ಲ. ಇನ್ನೋವಾ ಕನಸಲ್ಲೂ ಬೇಡ. ಎರ್ಟಿಗಾ ನಮ್ಮ ಬಜೆಟ್ಟಿನ ಗೆರೆಯಿಂದ ಆಚೆಗೆ ನಿಂತಿತ್ತು. ಕೊನೆಗೆ ಬಂದದ್ದು ರೆನೋ ಟ್ರೈಬರ್. 2019ರ ಆಗಸ್ಟ್‌ನಲ್ಲಿ ಬಿಡುಗಡೆಯಾದಾಗ ಅದರ ಆರಂಭದ ಬೆಲೆ 4.95 ಲಕ್ಷ ಇತ್ತು. ನಾವು ಕೊಳ್ಳುವ ಹೊತ್ತಿಗೆ ಏರಿತ್ತು. ಮಧ್ಯದ ಮಾಡೆಲ್, ರೋಡ್ ಟ್ಯಾಕ್ಸು ಇನ್ಶೂರೆನ್ಸು ಎಲ್ಲಾ ಸೇರಿ 8 ಲಕ್ಷದ ಒಳಗೆ ಮುಗಿಯಿತು. ಎಂಜಿನ್ 999 ಸಿಸಿ. ಮೂರು ಸಿಲಿಂಡರ್, 72 ಕುದುರೆ. ಏಳು ಜನಕ್ಕೆ ಹಂಚಿದರೆ ತಲಾ ಹತ್ತು ಕುದುರೆ, ಮೇಲೆ ಎರಡು ಉಳಿಯುತ್ತದೆ. ಅವೆರಡು ಎಸಿಗೆ ಅಂತ ನನ್ನ ಮಗ ಹೇಳಿದ್ದ.

ಇಷ್ಟು ಚಿಕ್ಕ ಎಂಜಿನ್ ಮೇಲೆ ಏಳು ಸೀಟು ಯಾಕೆ ಕೂರಿಸುತ್ತಾರೆ ಅಂತ ಕೇಳಿದರೆ ಉತ್ತರ ತೆರಿಗೆಯಲ್ಲಿದೆ. ಕಾರಿನ ಉದ್ದ 4 ಮೀಟರ್ ಒಳಗಿದ್ದು, ಪೆಟ್ರೋಲ್ ಎಂಜಿನ್ 1200 ಸಿಸಿ ದಾಟದಿದ್ದರೆ ಸರ್ಕಾರ ಅದನ್ನು ಚಿಕ್ಕ ಕಾರು ಅನ್ನುತ್ತದೆ. ನಾವು ಕೊಂಡಾಗ ಚಿಕ್ಕ ಕಾರಿಗೆ ಜಿಎಸ್‌ಟಿ, ಸೆಸ್ ಸೇರಿ 29% ಇತ್ತು. ಆ ಗೆರೆ ದಾಟಿದ 1500 ಸಿಸಿವರೆಗಿನ ಪೆಟ್ರೋಲ್ ಕಾರಿಗೆ 45%. ಟ್ರೈಬರಿನ ಉದ್ದ 3990 ಮಿಲಿಮೀಟರ್. ಅಂದರೆ ಗೆರೆಯಿಂದ ಬರೀ ಒಂದು ಸೆಂಟಿಮೀಟರ್ ಒಳಗೆ ನಿಂತಿದೆ. ಕಾಲು ಹೊರಗೆ ಬೀಳದ ಹಾಗೆ ಎಳೆದುಕೊಂಡು ಗಿಡ್ಡ ಮಂಚದಲ್ಲಿ ಮಲಗಿದ ಹಾಗೆ. ಅಷ್ಟರಲ್ಲೇ ಮೂರು ಸಾಲು ಸೀಟು ಹಾಕಿದ್ದಾರೆ. ಆದ್ದರಿಂದ ಏಳೂ ಸೀಟು ಹಾಕಿದಾಗ ಡಿಕ್ಕಿಯಲ್ಲಿ ಉಳಿಯುವ ಜಾಗ 84 ಲೀಟರ್. ಎರಡು ಸ್ಕೂಲ್ ಬ್ಯಾಗು, ಒಂದು ಚಪ್ಪಲಿ ಚೀಲ. ಅಲ್ಲಿಗೆ ಮುಗೀತು.

ಚಿಕ್ಕ ಎಂಜಿನ್ನಿಗೆ ಜಾಸ್ತಿ ಜನ ಅನ್ನುವುದು ನಮ್ಮ ಮಲೆನಾಡಿಗೆ ಹೊಸದೇನಲ್ಲ ಬಿಡಿ. ನನ್ನ ಅಪ್ಪನ ಮನೆಯ ಕಡೆ ಅರ್ಧ ಮದುವೆಗಳು ನಡೆದದ್ದು ಓಮ್ನಿಯ ಮೇಲೆ. ಮಾರುತಿ 800ಕ್ಕೆ ಇದ್ದ ಅದೇ 796 ಸಿಸಿ ಎಂಜಿನ್. ಅದರಲ್ಲಿ ಎಂಟು ಜನ ಕೂರಬಹುದು ಅಂತ ಕಾಗದದಲ್ಲಿತ್ತು. ನಾವು ಹನ್ನೊಂದು ಜನ ಕೂತದ್ದು ನನಗೇ ನೆನಪಿದೆ, ಅದೂ ಅಡುಗೆ ಪಾತ್ರೆಗಳ ಜೊತೆ. ಎಂಜಿನ್ ಮುಂದಿನ ಸೀಟಿನ ಅಡಿಯಲ್ಲೇ. ಏರು ಬಂದರೆ ಕೂತವರಿಗೆ ಬಿಸಿ ತಟ್ಟುತ್ತಿತ್ತು. 2019ರಲ್ಲಿ ಓಮ್ನಿ ನಿಂತಿತು, ಹೊಸ ಸುರಕ್ಷತಾ ನಿಯಮಗಳಿಗೆ ಅದು ಹೊಂದುವ ಹಾಗಿರಲಿಲ್ಲ. ಅದೇ ವರ್ಷ ಟ್ರೈಬರ್ ಬಂತು. ಒಂದಕ್ಕೊಂದು ಸಂಬಂಧ ಇಲ್ಲ. ಆದರೆ ನನ್ನ ತಲೆಯಲ್ಲಿ ಅದು ಹೋದ ಜಾಗಕ್ಕೇ ಇದು ಬಂದು ಕೂತಿದೆ.

ಕಾರು ಮನೆಗೆ ಬಂದ ದಿನ ಪೂಜೆ ಮುಗಿಯುತ್ತಿದ್ದಂತೆ ನಿಜವಾದ ಪ್ರಶ್ನೆ ಬಂತು. ಕೊನೇ ಸಾಲಿನಲ್ಲಿ ಯಾರು?

ಮೊದಲು ಮಕ್ಕಳು ಜಗಳವಾಡಿ ಅಲ್ಲೇ ಕೂತರು. ಎರಡನೇ ಸಲ ಹೊರನಾಡಿಗೆ ಹೋಗುವಾಗ ಮಗಳು ಕೊಪ್ಪ ದಾಟುವ ಮೊದಲೇ ಎರಡು ಸಲ ವಾಂತಿ ಮಾಡಿಕೊಂಡಳು. ತಿರುವಿನ ರಸ್ತೆಯಲ್ಲಿ ಹಿಂದೆ ಕೂತವರಿಗೆ ಓಲಾಟ ಜಾಸ್ತಿ. ಅವಳು ಮಧ್ಯದ ಸಾಲಿಗೆ ಬಂದಳು. ಮಾವನ ಮಂಡಿ ಮಡಚುವುದಿಲ್ಲ, ಹಾಗಾಗಿ ಮುಂದಿನ ಸೀಟು ಅವರಿಗೆ ಖಾಯಂ. ಓಡಿಸುವವಳು ನಾನು. ಇವರಿಗೆ ಲೈಸೆನ್ಸ್ ಇದೆ, ಆದರೆ ಘಾಟಿ ಅಂದರೆ ಕೈ ಬೆವರುತ್ತದೆ. ಅತ್ತೆಗೆ ಸೊಂಟನೋವು. ಉಳಿದದ್ದು ಯಾರು ಹೇಳಿ?

"ನಂಗೆ ಎಲ್ಲಾದ್ರೂ ಆಗುತ್ತೆ ಮಾರಾಯ್ತಿ" ಅಂತ ಚಿಕ್ಕತ್ತೆ ಹಿಂದೆ ಹತ್ತಿದರು. ಅವರದು ಗಿಡ್ಡ ಮೈ, ಹಗುರ. ಮಧ್ಯದ ಸೀಟನ್ನು ಮಡಚಿ ಮುಂದಕ್ಕೆ ಎತ್ತಿದರೆ ಒಳಗೆ ಹೋಗಲು ಒಂದು ಸಂದಿ ಆಗುತ್ತದೆ. ನೆರಿಗೆ ಒಂದು ಕೈಯಲ್ಲಿ, ಇನ್ನೊಂದು ಕೈ ಬಾಗಿಲ ಕಂಬಕ್ಕೆ. ತಲೆ ಬಗ್ಗಿಸಿ, ಬಲಗಾಲು ಮೊದಲು. ಅಟ್ಟಕ್ಕೆ ಹತ್ತುವವರ ಅಭ್ಯಾಸ. ಅವರ ಪಕ್ಕ ನನ್ನ ಮಗ, ಈಗ ಹದಿನೈದು, ಮಂಡಿ ಗದ್ದಕ್ಕೆ ತಾಗುತ್ತದೆ.

ನನಗೆ ಮೊದಮೊದಲು ಹೊಟ್ಟೆಯಲ್ಲಿ ಕಸಿವಿಸಿ. ಮನೆಯಲ್ಲಿ ಯಾವಾಗಲೂ ಕೊನೇ ಪಂಕ್ತಿಗೆ ಕೂರುವವರನ್ನು ಕಾರಿನಲ್ಲೂ ಕೊನೆಗೇ ಕೂರಿಸಿದೆವಲ್ಲ ಅಂತ. ಒಂದು ಸಲ ಅವರನ್ನು ಮಧ್ಯದ ಸಾಲಿನಲ್ಲಿ ಕೂರಿಸಿ, ಇವರನ್ನು ಹಿಂದೆ ಕಳಿಸಿದೆ. ದಾರಿಯುದ್ದಕ್ಕೂ ಚಿಕ್ಕತ್ತೆ ಚಡಪಡಿಸಿದರು. ಕೊನೆಗೆ ಬಾಯಿಬಿಟ್ಟರು. ಹಿಂದೆ ಅವರಿಗೆ ಅವರದ್ದೇ ಎಸಿ ಕಿಂಡಿ ಇತ್ತು, ಚಾವಣಿಯಲ್ಲಿ. ಬೇಕಾದಾಗ ತೆರೆದು ಬೇಡವಾದಾಗ ಮುಚ್ಚಬಹುದಿತ್ತು. ಪಕ್ಕದಲ್ಲಿ ಅವರದ್ದೇ ಕಿಟಕಿ. ಗಾಜು ಇಳಿಯುವುದಿಲ್ಲ, ಇರಲಿ. ಚೀಲ ಇಟ್ಟುಕೊಳ್ಳಲು ಬೆನ್ನಿನ ಹಿಂದೆ ಆ 84 ಲೀಟರ್. "ಇಲ್ಲಿ ಮಧ್ಯೆ ಕೂತ್ರೆ ಎಲ್ಲರ ಮಾತಿಗೂ ಹೂಂ ಅನ್ಬೇಕು. ಹಿಂದೆ ಆದ್ರೆ ನಾನಾಯ್ತು, ನನ್ನ ಕಿಟಕಿಯಾಯ್ತು." ಅದಾದ ಮೇಲೆ ನಾನು ಸಮಾಜ ಸುಧಾರಣೆ ಬಿಟ್ಟೆ.

ಇನ್ನು ಈ ಎಂಜಿನ್ನಿನ ವಿಷಯ. ಒಬ್ಬಳೇ ಇದ್ದಾಗ, ಊರೊಳಗೆ, ಏನೂ ಅನಿಸುವುದಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಗೇರ್ ಕೋಲು ಸಣ್ಣಗೆ ನಡುಗುತ್ತದೆ. ಮೂರು ಸಿಲಿಂಡರಿನ ಗುಣ ಅದು, ಸಣ್ಣ ಕುಲುಕು ಇದ್ದೇ ಇರುತ್ತದೆ. ಹೈವೇಯಲ್ಲಿ ಒಬ್ಬಳೇ ಹೋದರೆ ನನಗೆ ಲೀಟರಿಗೆ 17 ಕಿಲೋಮೀಟರ್ ಸಿಗುತ್ತದೆ. ಏಳು ಜನ, ಘಾಟಿ, ಎಸಿ ಅಂದರೆ 13.

ವ್ಯತ್ಯಾಸ ಯಾಕೆ ಅಂದರೆ ಲೆಕ್ಕ ಸುಲಭ. ಖಾಲಿ ಕಾರಿನ ತೂಕ ಸುಮಾರು 950 ಕಿಲೋ. ಏಳು ಜನರನ್ನು ತಲಾ 60 ಕಿಲೋ ಅಂತ ಹಿಡಿದರೂ 420. ಕಾರಿನ ತೂಕದ ಹತ್ತಿರಹತ್ತಿರ ಅರ್ಧ. ದೊಡ್ಡ ಗಾಡಿಗೆ ಜನ ಅಂದರೆ ಸಾಮಾನು, ಚಿಕ್ಕ ಗಾಡಿಗೆ ಜನ ಅಂದರೆ ಇನ್ನರ್ಧ ಗಾಡಿ. ಜೊತೆಗೆ ಈ ಎಂಜಿನ್ನಿನ ಎಳೆತದ ತುತ್ತತುದಿ, 96 ನ್ಯೂಟನ್ ಮೀಟರ್, ಸಿಗುವುದು 3500 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ 3500 ಸುತ್ತು ತಿರುಗುವಾಗ. ಕೆಳಗಿನ ಆರ್‌ಪಿಎಂನಲ್ಲಿ ಎಷ್ಟು ಒತ್ತಿದರೂ ಅದು ಗೊಣಗುತ್ತದೆಯೇ ಹೊರತು ಎಳೆಯುವುದಿಲ್ಲ. ಇದನ್ನು ಪುಸ್ತಕದಲ್ಲಿ ಓದಿ ಕಲಿಯಬಹುದಿತ್ತು. ನಾನು ಆಗುಂಬೆಯಲ್ಲಿ ಕಲಿತೆ.

ಎರಡು ವರ್ಷದ ಹಿಂದೆ, ಮೇ ಕೊನೇ ವಾರ. ಮಣಿಪಾಲದ ಹತ್ತಿರ ಒಂದು ಮದುವೆ ಮುಗಿಸಿ ವಾಪಸ್ ಬರುತ್ತಿದ್ದೆವು. ಏಳೂ ಜನ. ಹೊರಡುವಾಗ ಹೆಬ್ರಿಯ ನೆಂಟರು ಒಂದು ಹಲಸಿನ ಹಣ್ಣು ತಂದು ನಿಲ್ಲಿಸಿದರು. ಹದಿನೈದು ಕಿಲೋಗೆ ಕಡಿಮೆ ಇಲ್ಲ. ಡಿಕ್ಕಿ ಬಾಗಿಲು ತೆರೆದು ಎಲ್ಲರೂ ಒಮ್ಮೆ ನೋಡಿದೆವು, ಎಲ್ಲರೂ ಒಮ್ಮೆ ಮುಚ್ಚಿದೆವು. "ಬೇಡ, ಮುಂದಿನ ಸಲ ತಗೊಂಡು ಹೋಗ್ತೀವಿ" ಅಂತ ಇವರು ಶುರು ಮಾಡಿದರು. ಹಿಂದಿನಿಂದ ಚಿಕ್ಕತ್ತೆ, "ಕೊಡಿ ಇಲ್ಲಿ" ಅಂದರು. ಹಣ್ಣು ಅವರ ಕಾಲ ಬುಡಕ್ಕೆ ಹೋಯಿತು. ಅವರು ಚಪ್ಪಲಿ ಬಿಟ್ಟು, ಎರಡೂ ಪಾದ ಅದರ ಮೇಲೆ ಇಟ್ಟುಕೊಂಡು ಕೂತರು. ಮುಳ್ಳಿಗೆ ಒಂದು ಟವೆಲ್.

ಸೋಮೇಶ್ವರ ದಾಟಿ ಘಾಟಿ ಶುರುವಾಗುವಾಗ ಮಳೆ ಹನಿಯುತ್ತಿತ್ತು. ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವು. ಉದ್ದ ಕಡಿಮೆ, ಏರು ಕಡಿದು. ಭಾರೀ ಗಾಡಿಗಳನ್ನು ಬಿಡುವುದಿಲ್ಲ, ಮಿನಿ ಬಸ್ಸುಗಳು ಓಡಾಡುತ್ತವೆ. ನಾನು ಎಸಿ ಆಫ್ ಮಾಡಿ, ಎರಡನೇ ಗೇರಿನಲ್ಲಿ ಹತ್ತಿಸುತ್ತಿದ್ದೆ. ಏಳನೆಯದೋ ಎಂಟನೆಯದೋ ತಿರುವು. ಮೇಲಿಂದ ಮಿನಿ ಬಸ್ಸೊಂದು ಪೂರ್ತಿ ರಸ್ತೆ ತಗೊಂಡು ಇಳಿಯಿತು. ಹತ್ತುವ ಗಾಡಿಗೆ ಮೊದಲು ದಾರಿ ಬಿಡಬೇಕು ಅಂತ ನಿಯಮ. ಆದರೆ ನಿಯಮಕ್ಕಿಂತ ಬಸ್ಸು ದೊಡ್ಡದು. ನಿಲ್ಲಿಸಿದೆ. ತಿರುವಿನ ಒಳಮೈಯಲ್ಲಿ, ಅತಿ ಕಡಿದಾದ ಜಾಗದಲ್ಲಿ.

ಬಸ್ಸು ಹೋಯಿತು. ಮೊದಲ ಗೇರ್ ಹಾಕಿ ಕ್ಲಚ್ ಬಿಟ್ಟೆ. ಆಫ್. ಮತ್ತೆ ಸ್ಟಾರ್ಟ್, ಮತ್ತೆ ಆಫ್. ಕಾರು ಒಂದು ಅಡಿ ಹಿಂದಕ್ಕೆ ಜಾರಿತು. ಹಿಂದಿನ ಕಾರಿನವನು ಹಾರ್ನ್ ಹೊಡೆದ. ಮೂರನೇ ಸಲ ಹಾಫ್ ಕ್ಲಚ್ಚಿನಲ್ಲೇ ಹಿಡಿದು ಒತ್ತಿದೆ. ಸುಟ್ಟ ವಾಸನೆ ಒಳಗೆ ಬಂತು. ರಬ್ಬರು ಕರಗಿದ ಹಾಗೆ, ಸ್ವಲ್ಪ ಕೊಳೆತ ಮೊಟ್ಟೆಯ ಹಾಗೆ. ಹಲಸಿನ ವಾಸನೆಯ ಜೊತೆ ಸೇರಿ ಮಗಳು ಮೂಗು ಮುಚ್ಚಿಕೊಂಡಳು.

"ನಾನು ಇಳೀಲಾ?" ಅಂದರು ಮಾವ. "ಸುಮ್ನೆ ಆ ಹಣ್ಣು ಎಸೀರಿ" ಅಂದಳು ಮಗಳು. "ಹ್ಯಾಂಡ್‌ಬ್ರೇಕ್, ಹ್ಯಾಂಡ್‌ಬ್ರೇಕ್" ಅಂದರು ಘಾಟಿಯಲ್ಲಿ ಎಂದೂ ಓಡಿಸದ ನಮ್ಮವರು. ನನ್ನ ಕಾಲು ನಡುಗುತ್ತಿತ್ತು.

ಕೊನೇ ಸಾಲಿನಿಂದ ಚಿಕ್ಕತ್ತೆಯ ದನಿ ಬಂತು. "ಎಲ್ಲರೂ ಒಂದು ನಿಮಿಷ ಬಾಯಿ ಮುಚ್ಚಿ. ಗಂಡಸರು ಇಬ್ರು ಇಳೀರಿ, ನಡ್ಕೊಂಡು ಬನ್ನಿ. ಹಣ್ಣು ಎಲ್ಲಿಗೂ ಹೋಗಲ್ಲ." ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಇವರೂ ಮಗನೂ ಇಳಿದರು. ಮಗ ಹಿಂದಿನ ಕಾರಿನವನಿಗೆ ಕೈ ತೋರಿಸಿ ನಿಲ್ಲಿಸಿದ. ನಾನು ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದೆ. ಉಸಿರು ಬಿಟ್ಟೆ. ಮೊದಲ ಗೇರ್. ಆಕ್ಸಿಲರೇಟರ್ ಒತ್ತಿ ಆರ್‌ಪಿಎಂ ಮುಳ್ಳು ಮೂರು ಸಾವಿರ ದಾಟುವವರೆಗೆ ಕಾದೆ. ಎಂಜಿನ್ ಕಿರುಚಿಕೊಳ್ಳುತ್ತಿತ್ತು, ಕಿರುಚಲಿ ಅಂತ ಬಿಟ್ಟೆ. ಕ್ಲಚ್ ಮೆಲ್ಲಗೆ ಎತ್ತಿದಾಗ ಬಾನೆಟ್ ಒಂದು ಬೆರಳಿನಷ್ಟು ಮೇಲೇರಿತು. ಆ ಕ್ಷಣಕ್ಕೆ ಹ್ಯಾಂಡ್‌ಬ್ರೇಕ್ ಇಳಿಸಿದೆ. ಕಾರು ಹೊರಟಿತು. ನಿಲ್ಲಿಸುವ ಧೈರ್ಯ ಬರಲಿಲ್ಲ. ಮುಂದಿನ ಮೂರು ತಿರುವು ದಾಟಿ, ಒಂದು ಸಮತಟ್ಟು ಸಿಕ್ಕಿದ ಮೇಲೇ ನಿಲ್ಲಿಸಿದ್ದು. ಅಪ್ಪ ಮಗ ಇಬ್ಬರೂ ಪೂರ್ತಿ ಒದ್ದೆಯಾಗಿ, ಏದುಸಿರು ಬಿಡುತ್ತಾ ನಗುತ್ತಾ ಬಂದರು. ಇವತ್ತಿಗೂ ಆ ಮದುವೆಯ ಊಟದ ಬಗ್ಗೆ ನಮ್ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಆ ಮೂರು ತಿರುವಿನ ಬಗ್ಗೆ ಮಾತ್ರ.

ತಪ್ಪು ಕಾರಿನದಲ್ಲ, ನನ್ನದು. ಮಿನಿ ಬಸ್ಸಿನ ಹಾರ್ನ್ ಕೇಳಿದಾಗಲೇ, ತಿರುವಿಗೆ ಮುಂಚೆಯೇ, ಕೆಳಗಿನ ನೇರ ಜಾಗದಲ್ಲಿ ನಿಲ್ಲಬೇಕಿತ್ತು. ಈಗ ಹಾಗೆ ಮಾಡುತ್ತೇನೆ. ಕಡಿದು ಕಂಡರೆ ಮರ್ಯಾದೆ ನೋಡದೆ ಮೊದಲ ಗೇರಿಗೆ ಇಳಿಯುತ್ತೇನೆ. ಸದ್ದಿಗೆ ಹೆದರುವುದಿಲ್ಲ. ಇಳಿಯುವಾಗಲೂ ಅಷ್ಟೇ, ಎರಡನೇ ಗೇರಿನಲ್ಲೇ. ತುಂಬಿದ ಗಾಡಿಯನ್ನು ಬರೀ ಬ್ರೇಕಿನ ಮೇಲೆ ಇಳಿಸಿದರೆ ಕೆಳಗೆ ಸೋಮೇಶ್ವರ ಬರುವಷ್ಟರಲ್ಲಿ ಬ್ರೇಕ್ ಕಾದು ವಾಸನೆ ಬರುತ್ತದೆ. ಓವರ್‌ಟೇಕ್ ಅನ್ನುವುದನ್ನು ಏಳು ಜನ ಇದ್ದಾಗ ಮರೆತೇಬಿಟ್ಟಿದ್ದೇನೆ. ಹೊರಡುವ ಹಿಂದಿನ ದಿನ ಟೈರಿಗೆ ಗಾಳಿ. ಬಾಗಿಲ ಪಕ್ಕದ ಚೀಟಿಯಲ್ಲಿ ತುಂಬಿದ ಗಾಡಿಗೆ ಎಷ್ಟು ಅಂತ ಬರೆದಿರುತ್ತದೆ, ಅದನ್ನು ನೋಡುವವರೇ ಕಡಿಮೆ.

ಒಂದು ವಿಷಯ ಮಾತ್ರ ನನಗೆ ಇವತ್ತಿಗೂ ಸಮಾಧಾನ ಇಲ್ಲ. 2021ರಲ್ಲಿ ಕಾರುಗಳ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಈ ಕಾರನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸಿದಾಗ ದೊಡ್ಡವರ ಸುರಕ್ಷತೆಗೆ ಐದರಲ್ಲಿ ನಾಲ್ಕು ಸ್ಟಾರ್, ಮಕ್ಕಳ ಸುರಕ್ಷತೆಗೆ ಮೂರು ಬಂತು. ಒಳ್ಳೆಯದೇ. ಆದರೆ ಕೊನೇ ಸಾಲಿನ ಬೆನ್ನಿಗೂ ಹಿಂದಿನ ಬಾಗಿಲಿಗೂ ನಡುವೆ ಒಂದು ಮೊಳ ಜಾಗ ಇದೆಯೋ ಇಲ್ಲವೋ. ನಾಲ್ಕು ಮೀಟರಿನೊಳಗೆ ಮೂರು ಸಾಲು ತುರುಕಿದರೆ ಆ ಜಾಗ ಎಲ್ಲಿಂದ ಬರಬೇಕು? ಹಿಂದೆ ಲಾರಿ ಅಂಟಿಕೊಂಡು ಬಂದರೆ ನಾನು ಪಕ್ಕಕ್ಕೆ ಸರಿದು ಅದನ್ನು ಮುಂದೆ ಬಿಡುತ್ತೇನೆ. ಕೊನೇ ಸಾಲಿನವರು ಬೆಲ್ಟ್ ಹಾಕದಿದ್ದರೆ ಕಾರು ಹೊರಡುವುದಿಲ್ಲ. "ಇವಳೊಬ್ಳು" ಅಂತ ಚಿಕ್ಕತ್ತೆ ಗೊಣಗಿಕೊಂಡೇ ಹಾಕಿಕೊಳ್ಳುತ್ತಾರೆ.

2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಕಾರಿನ ತೆರಿಗೆ 18%ಗೆ, ದೊಡ್ಡದರದ್ದು 40%ಗೆ ಇಳಿಯಿತಲ್ಲ, ನಮ್ಮವರಿಗೆ ಮತ್ತೆ ಲೆಕ್ಕದ ಹುಚ್ಚು ಹತ್ತಿತು. ಒಂದೂವರೆ ಲೀಟರ್ ಎಂಜಿನ್ನಿನದಕ್ಕೆ ಹೋಗೋಣವಾ, ಇಲ್ಲಾ ಐದು ಸೀಟಿಗೇ ವಾಪಸ್ ಬರೋಣವಾ ಅಂತ. ನಾನು ಪೆಟ್ರೋಲ್ ಹಾಕಿಸಿದ್ದನ್ನೆಲ್ಲಾ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ, ಯಾರು ಯಾರು ಬಂದಿದ್ದರು ಅನ್ನುವುದೂ ಅದರಲ್ಲಿರುತ್ತದೆ. ಇಬ್ಬರೂ ಕೂತು ಎಣಿಸಿದೆವು. ನಾಲ್ಕೂವರೆ ವರ್ಷದಲ್ಲಿ ಏಳೂ ಸೀಟು ತುಂಬಿದ್ದು 31 ದಿನ.

"ನೋಡು, 31 ದಿನಕ್ಕೆ ಬಾಡಿಗೆ ಗಾಡಿ ಸಾಕಿತ್ತು" ಅಂದರು. ಆಗ ನನಗೆ ಉತ್ತರ ಸಿಕ್ಕಿತು. ಬಾಡಿಗೆ ಗಾಡಿ ಆಗಿದ್ದರೆ 31 ಆಗುತ್ತಲೇ ಇರಲಿಲ್ಲ. ದುಡ್ಡು ಕೊಟ್ಟು ಟ್ರ್ಯಾಕ್ಸ್ ಕರೆಸಿದ್ದರೆ ಚಿಕ್ಕತ್ತೆ, "ನನಗೋಸ್ಕರ ಯಾಕೆ ಖರ್ಚು" ಅಂತ ಮೊದಲೇ ತಮ್ಮ ಹೆಸರನ್ನು ಹೊಡೆದುಹಾಕುತ್ತಿದ್ದರು. ಆರು ಜನಕ್ಕೆ ಟ್ರ್ಯಾಕ್ಸ್ ಯಾಕೆ ಅಂತ ಅತ್ತೆಯೂ ಉಳಿಯುತ್ತಿದ್ದರು. ಉಳಿದ ಐದು ಜನಕ್ಕೆ ಐದು ಸೀಟಿನ ಕಾರು ಸಾಕು! ಇವರು ನೋಟ್‌ಬುಕ್ ಮುಚ್ಚಿ, "ಸರಿ, ಇನ್ನೊಂದು ವರ್ಷ ನೋಡೋಣ" ಅಂದರು. ಲೆಕ್ಕದ ಮನುಷ್ಯ ಸೋತರೆ ಹಾಗೇ ಹೇಳುವುದು.

ಹೋದ ತಿಂಗಳ ಮಾತು. ಮಿಲ್ಲಿನಿಂದ ಅಕ್ಕಿ ಮೂಟೆ ತರಬೇಕಿತ್ತು. ಟ್ರೈಬರಿನ ಕೊನೇ ಸಾಲಿನ ಎರಡೂ ಸೀಟನ್ನು ಬಿಚ್ಚಿ ಹೊರಗೆ ತೆಗೆಯಬಹುದು. ತೆಗೆದರೆ ಡಿಕ್ಕಿ 84 ಲೀಟರಿನಿಂದ 625 ಲೀಟರ್ ಆಗುತ್ತದೆ. ತೆಗೆದು ಮೆಟ್ಟಿಲ ಕೆಳಗೆ ಇಟ್ಟು, ಮೇಲೆ ಹಳೇ ಪಂಚೆ ಹೊದಿಸಿದೆವು. ಅಕ್ಕಿ ಬಂತು. ಸೀಟು ಅಲ್ಲೇ ಉಳಿಯಿತು. ಬೆಕ್ಕು ಅದನ್ನು ತನ್ನದು ಮಾಡಿಕೊಂಡಿತು. ಹತ್ತು ದಿನ ಕಳೆದರೂ ವಾಪಸ್ ಹಾಕುವ ಉಸಾಬರಿಗೆ ಯಾರೂ ಹೋಗಲಿಲ್ಲ.

ಶನಿವಾರ ರಾತ್ರಿ ಊಟಕ್ಕೆ ಕೂತಾಗ ಮಾವ, ನಾಳೆ ಶೃಂಗೇರಿಗೆ ಹೋಗಿ ಬರೋಣ ಅಂದರು. ಎಲ್ಲರೂ ಹೂಂ ಅಂದರು. ಚಿಕ್ಕತ್ತೆ ಮಜ್ಜಿಗೆ ಬಡಿಸುತ್ತಿದ್ದವರು ತಲೆ ಎತ್ತಲಿಲ್ಲ.

"ನೀವು ಹೋಗಿ ಬನ್ನಿ. ನಾಳೆ ನಂಗೆ ಸ್ವಲ್ಪ ಕೆಲಸ ಇದೆ."

ಏನು ಕೆಲಸ ಅಂತ ನಾನು ಕೇಳಲಿಲ್ಲ. ಪಾತ್ರೆ ತೊಳೆದಾದ ಮೇಲೆ ಟಾರ್ಚ್ ಹಿಡಿದು ಮಗನನ್ನು ಎಬ್ಬಿಸಿಕೊಂಡು ಅಂಗಳಕ್ಕೆ ಹೋದೆ. ಬೆಕ್ಕನ್ನು ಓಡಿಸಿ, ಕೂದಲು ಕೊಡವಿ, ಸೀಟನ್ನು ಒಂದೊಂದಾಗಿ ತಂದೆವು. ಮೊದಲನೆಯದು ಸಲೀಸಾಗಿ ಕೂತಿತು. ಎರಡನೆಯದರ ಕೊಕ್ಕೆ ಒಳಗಿನ ಕಂಬಿಗೆ ಸಿಗಲೇ ಇಲ್ಲ. ಅಕ್ಕಿ ಕಾಳು ಅಡ್ಡ ಬಂದಿತ್ತು. ಕಡ್ಡಿಯಲ್ಲಿ ಕೆದಕಿ ತೆಗೆದು ಮತ್ತೆ ಒತ್ತಿದೆ. ಟಕ್ ಅಂತು. ನಿಶ್ಶಬ್ದದಲ್ಲಿ ಜೋರಾಗೇ ಕೇಳಿಸಿತು.

ಅಡುಗೆಮನೆಯ ಲೈಟು ಹತ್ತಿತು. ಕಿಟಕಿಯಲ್ಲಿ ಚಿಕ್ಕತ್ತೆಯ ಮುಖ.

"ನಾಳೆ ಎಷ್ಟು ಹೊತ್ತಿಗೆ ಹೊರಡೋದು ಮಾರಾಯ್ತಿ?"